ಮುದಕಪ್ಪ ಕರೆಂಟಿನ ಒಲೆ ಕಾದದ್ದು

ಕರೆಂಟಿನ ಒಲೆ ಕರೆಂಟಿಲ್ಲದೆ ಉರಿಯುವುದಿಲ್ಲ. ಇದು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಓದಿದವರಿಗೂ ಗೊತ್ತಿತ್ತು, ಓದದವರಿಗೂ ಗೊತ್ತಿತ್ತು. ಆ ಊರು ಹೀಗೆ ಒಮ್ಮತಕ್ಕೆ ಬಂದ ಇನ್ನೊಂದು ವಿಷಯವೆಂದರೆ ಫಕೀರವ್ವನ ಮಗ ಮುದಕಪ್ಪ ಪೆದ್ದ ಅನ್ನುವುದು.

ಕರೆಂಟಿನ ಒಲೆ ಎಂಬುದು ಬರೀ ಹೆಸರು. ಒಳಗೆ ಉರಿಯುತ್ತಿದ್ದದ್ದು ಇದ್ದಿಲು. ಕಬ್ಬಿಣದ ಡಬ್ಬಿ, ಮೇಲೆ ಕಡಾಯಿ, ಪಕ್ಕದಲ್ಲಿ ಇದ್ದಿಲಿಗೆ ಗಾಳಿ ಊದುವ ಪುಟ್ಟ ಫ್ಯಾನು, ಕೆಳಗೆ ಬೂದಿ ತೆಗೆಯುವ ಗಿಡ್ಡ ಬಾಗಿಲು. ಕರೆಂಟು ಬೇಕಾಗಿದ್ದದ್ದು ಫ್ಯಾನಿಗೆ. ಬೇಕಾದಾಗ ಕಿತ್ತಿಡಬಹುದಾದ ಉದ್ದನೆಯ ವಾಯರಿನಲ್ಲಿ ಅದು ಬರುತ್ತಿತ್ತು. ಮಾರಿದವನು ಹೇಳಿ ಹೋಗಿದ್ದ: "ಈ ಸಣ್ಣ ಬಾಗಲಾ ಯಾವಾಗ್ಲೂ ಮುಚ್ಚಿರಬೇಕು ನೋಡ್ರಿ. ತೆರದ್ರ ಫ್ಯಾನಿನ ಗಾಳಿ ಎಲ್ಲಾ ಹೊರಗ ಹೊಕ್ಕೈತಿ." ಊರಿನ ಚಹದಂಗಡಿ, ಭಜಿ ಅಂಗಡಿ, ಖಾನಾವಳಿ, ಎಲ್ಲ ಕಡೆ ಇಂಥದೇ ಒಲೆ. ಎಲ್ಲ ಕಡೆ ಆ ಬಾಗಿಲು ಮುಚ್ಚಿತ್ತು.

ಕರೆಂಟು ದಿನಾ ಹೋಗುತ್ತಿತ್ತು. ಊರ ಹಿಂದಿನ ಗುಡ್ಡದ ಮೇಲೆ ದೊಡ್ಡ ದೊಡ್ಡ ಗಾಳಿಯಂತ್ರಗಳು ಸಾಲಾಗಿ ನಿಂತು, ಗಾಳಿಯಿಂದ ಕರೆಂಟು ಮಾಡಿ ಎಲ್ಲಿಗೋ ಕಳಿಸುತ್ತಿದ್ದವು. ಆ ಕರೆಂಟು ಎಲ್ಲೆಲ್ಲೋ ಸುತ್ತಿ, ಉಳಿದರೆ ಊರಿಗೆ ಬಂದು, ಒಲೆಯ ಫ್ಯಾನು ತಿರುಗಿಸಿ, ಮತ್ತೆ ಗಾಳಿಯಾಗುತ್ತಿತ್ತು. ಅಂಥ ಗಾಳಿಯ ಊರು. ಕಲ್ಲು ಹೇರದೆ ಸೀರೆ ಒಣಹಾಕುವಂತಿರಲಿಲ್ಲ.

ಫಕೀರವ್ವ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿ ಕರಿದು ಮಾರುತ್ತಿದ್ದಳು. ಅಂಗಡಿಯ ಹಿಂದೆಯೇ ಮನೆ. ಗಂಡ ತೀರಿಹೋಗಿದ್ದ. ಅವಳ ಪಾಲಿಗೆ ಉಳಿದವರು ಇಬ್ಬರು: ಕರೆಂಟಿನ ಒಲೆ ಮತ್ತು ಮುದಕಪ್ಪ. ಒಲೆ ಆಗಾಗ ಕೆಲಸ ಮಾಡುತ್ತಿತ್ತು.

ಅವಳಿಗೊಂದೇ ಆಸೆ. ತಮ್ಮ ಅಡಿವೆಪ್ಪನ ಮಗಳು ಕಸ್ತೂರೆವ್ವನನ್ನು ಸೊಸೆಯಾಗಿ ತಂದುಕೊಳ್ಳಬೇಕು. ತಾನು ಹೋದ ಮೇಲೆ ಈ ಪೆದ್ದನಿಗೊಂದು ದಿಕ್ಕಾಗಬೇಕು. ತಮ್ಮನ ಹತ್ತಿರ ಮಾತೆತ್ತಿದಳು. ಅಡಿವೆಪ್ಪ ಬೀಡಿ ಆರಿಸಿ ಹೇಳಿದ:

"ಯಕ್ಕಾ, ನಿನ್ನ ಮಗ ಒಂದ ದಿನ ಒಲಿ ಆರದಂಗ ಕಾಯಲಿ. ಮಗಳನ್ನ ಕೊಡ್ತೀನಿ. ಒಂದು ಒಲಿ ಕಾಯಾಕ ಬರದವ ಹೆಂಡತಿನ ಹ್ಯಾಂಗ ಕಾಯ್ತಾನ? ಲಕ್ಷ್ಮೇಶ್ವರದವರೂ ಕೇಳ್ಯಾರ. ಬರೋ ಸೋಮವಾರ ನಾನೇ ಬಂದು ನೋಡ್ತೀನಿ."

ಫಕೀರವ್ವ ಅಂದಿನಿಂದಲೇ ಮಗನಿಗೆ ಒಲೆ ಕಾಯುವ ವಿದ್ಯೆ ಕಲಿಸಲು ಕುಳಿತಳು.

"ಮುದುಕ್ಯಾ, ನಾ ಗಿರಣಿಗೆ ಹೋಗಿ ಕಡ್ಲಿಬ್ಯಾಳಿ ಬೀಸಿಸ್ಕೊಂಡು ಬರ್ತೀನಿ. ನೀ ಒಲಿ ನೋಡ್ಕೋತ ಕುಂದ್ರು. ತಿಳೀತಿಲ್ಲ?"

"ಹೂಂ ಯವ್ವಾ. ನೋಡ್ಕೋತ ಕುಂದ್ರತೀನಿ."

ಅವಳು ಹೋದಳು. ಕರೆಂಟೂ ಹೋಯಿತು. ಗಿರಣಿ ನಿಂತಿತು. ಫಕೀರವ್ವ ಬೀಸದ ಬೇಳೆ ಹೊತ್ತುಕೊಂಡು ಓಡಿ ಬಂದಳು. ಕಡಾಯಿಯಲ್ಲಿ ಮಿರ್ಚಿಗಳು ತಣ್ಣನೆಯ ಎಣ್ಣೆಯಲ್ಲಿ ಮುಳುಗಿ ಕುಳಿತಿದ್ದವು. ಗಿರಾಕಿಗಳು ಎದ್ದು ಹೋಗಿದ್ದರು. ಮುದಕಪ್ಪ ಗದ್ದಕ್ಕೆ ಕೈ ಕೊಟ್ಟು ಒಲೆಯನ್ನೇ ನೋಡುತ್ತಿದ್ದ.

"ಏನ್ ಮಾಡಾಕತ್ತೀಯೋ?"

"ನೋಡಾಕತ್ತೀನಿ."

"ಬೆಂಕಿ ಆರೇತಲ್ಲೋ!"

"ಹೂಂ ಯವ್ವಾ, ಆರೂದೂ ನೋಡಿದ್ನಿ. ಮೊದ್ಲ ಕೆಂಪಗಿತ್ತು. ಆಮ್ಯಾಲ ಕಪ್ಪಾತು. ಭಾಳ ಚಂದಿತ್ತು."

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. "ನೋಡ್ಕೋತ ಕುಂತ್ರ ಒಲಿ ಉರಿತೈತೇನೋ? ಕರೆಂಟ್ ಹೋತು ಅಂದ್ರ ಗಾಳಿ ಹಾಕ್ಬೇಕಲೇ! ಗಾಳಿ!"

"ಹೂಂ ಯವ್ವಾ. ಇನ್ನ ಗಾಳಿ ಹಾಕ್ತೀನಿ."

ಮುದಕಪ್ಪ ಅದನ್ನು ತಲೆಯಲ್ಲಿ ಇಟ್ಟುಕೊಂಡ. ಅಲ್ಲಿ ಬೇರೆ ಏನೂ ಇರಲಿಲ್ಲವಾದ್ದರಿಂದ ಜಾಗ ಸಾಕಾಯಿತು.

ಮರುದಿನ ಅವ್ವ ಸಂತೆಗೆ ಹೋದಾಗ ಮತ್ತೆ ಕರೆಂಟು ಹೋಯಿತು. ಮುದಕಪ್ಪ ಎದ್ದು ನಿಂತ. ಗಾಳಿ ಹಾಕಬೇಕು. ಗಾಳಿ ಎಲ್ಲಿ ಹಾಕುತ್ತಾರೆ? ಅದು ಅವನಿಗೂ ಗೊತ್ತು. ನಿಲ್ದಾಣದ ಮೂಲೆಯಲ್ಲಿ ಬಾಬುಸಾಬನ ಸೈಕಲ್ ಅಂಗಡಿ. ಅಲ್ಲಿ ಬೋರ್ಡೇ ಇದೆ: ಇಲ್ಲಿ ಗಾಳಿ ಹಾಕಲಾಗುತ್ತದೆ.

ಒಲೆಯ ಕೆಂಡವನ್ನೆಲ್ಲ ಕಬ್ಬಿಣದ ಪುಟ್ಟಿಗೆ ತೋಡಿಕೊಂಡ. ಚಿಂದಿ ಸುತ್ತಿ ತಲೆಯ ಮೇಲೆ ಹೊತ್ತ. ಬಾಬುಸಾಬನ ಮುಂದೆ ಇಳಿಸಿದ.

"ಕಾಕಾ, ಗಾಳಿ ಹಾಕ್ರಿ."

ಬಾಬುಸಾಬ ಬಗ್ಗಿ ಪಂಚರು ಹುಡುಕುತ್ತಿದ್ದ. ತಲೆ ಎತ್ತಲಿಲ್ಲ. "ಮುಂದಿನದಕ್ಕೋ, ಹಿಂದಿನದಕ್ಕೋ?"

"ಎಲ್ಲಾದಕ್ಕೂ."

ಬಾಬುಸಾಬ ಪಂಪಿನ ಕೊಳವೆಯನ್ನು ಹಿಂದಕ್ಕೆ ಚಾಚಿದ. ಮುದಕಪ್ಪ ಅದನ್ನು ಪುಟ್ಟಿಯೊಳಗೆ ಚುಚ್ಚಿ ಹಿಡಿದ. ಬಾಬುಸಾಬ ಒತ್ತಿದ. ಬುಸ್! ಬೂದಿ ಎದ್ದಿತು. ಬುಸ್! ಕಿಡಿ ಎದ್ದಿತು. ಬುಸ್! ಬಾಬುಸಾಬನ ಕರಿ ಗಡ್ಡ ಬೆಳ್ಳಗಾಯಿತು.

"ಇನ್ನೊಂದೀಟು ಹಾಕ್ರಿ ಕಾಕಾ," ಅಂದ ಮುದಕಪ್ಪ, ಬೆರಳಿನಿಂದ ಅಂಚಿನ ಬೂದಿ ಒತ್ತಿ ನೋಡಿ, "ಇನ್ನಾ ಮೆತ್ತಗೈತಿ."

ಬಾಬುಸಾಬ ಪಂಪು ಎತ್ತಿಕೊಂಡು ಅಟ್ಟಿಸಿಕೊಂಡು ಬಂದ. ಮುದಕಪ್ಪ ಓಡಿದ. ಪುಟ್ಟಿ ಮಗುಚಿತು. ಕೆಂಡ ರಸ್ತೆಯ ಪಾಲಾಯಿತು.

"ಅಯ್ಯ ನನ್ನ ಮೂಳಾ!" ಅಂದಳು ಫಕೀರವ್ವ. "ಒಲಿ ಬಿಟ್ಟು ಎದ್ದು ಹೋಗ್ತಾರೇನೋ? ದೇವರು ಅಷ್ಟಗಲ ಬಾಯಿ ಕೊಟ್ಟಾನಲ್ಲ, ಬರೇ ತಿನ್ನಾಕಷ್ಟೇ ಏನು? ಬೆಂಕಿ ಮುಂದ ಕುಂತು ಬಾಯಿಲೇ ಊದಬೇಕು! ಉಫ್! ಉಫ್! ಯಾರ ಏನರ ಅನ್ಲಿ, ಊದೂದು ಬಿಡಬಾರ್ದು!"

"ಹೂಂ ಯವ್ವಾ. ಇನ್ನ ಬೆಂಕಿ ಕಂಡ್ರ ಊದ್ತೀನಿ."

ಬೆಂಕಿ ಕಾಣಲು ಬಹಳ ಹೊತ್ತು ಬೇಕಾಗಲಿಲ್ಲ. ಪಕ್ಕದಲ್ಲಿ ಗೂಳಪ್ಪನ ಪಾನಂಗಡಿ. ಬಿಸಿಲಿಗೆಂದು ಅವನು ಕಟ್ಟಿದ್ದ ಗೋಣಿತಟ್ಟಿಗೆ ಯಾರೋ ಎಸೆದ ಬೀಡಿ ತಾಗಿ ಹೊಗೆಯಾಡತೊಡಗಿತು. "ಬೆಂಕಿ! ಬೆಂಕಿ!" ಎಂದು ಗೂಳಪ್ಪ ಹೊರಗೆ ಹಾರಿದ. ಜನ ಕೊಡ ಹುಡುಕಿದರು. ಮುದಕಪ್ಪ ಎಲ್ಲರಿಗಿಂತ ಮೊದಲು ಓಡಿ ಬಂದ. ಚಕ್ಕಳಮಕ್ಕಳ ಹಾಕಿ ಕುಳಿತ. ಉಫ್! ಉಫ್! ಗೋಣಿತಟ್ಟು ಧಗ್ ಎಂದು ಹತ್ತಿಕೊಂಡಿತು.

"ಊದಬ್ಯಾಡಲೇ!" ಗೂಳಪ್ಪ ಕೂಗಿದ.

ಉಫ್!

"ಲೇ, ನಿನ್ನ ಕಾಲಿಗೆ ಬೀಳ್ತೀನಿ, ಊದಬ್ಯಾಡಪಾ!"

ಉಫ್! ಉಫ್! ಯಾರು ಏನೇ ಅನ್ನಲಿ, ಊದುವುದನ್ನು ಬಿಡಬಾರದು.

ಪುಣ್ಯಕ್ಕೆ ಹೋದದ್ದು ಗೋಣಿತಟ್ಟು ಮತ್ತು ಮುದಕಪ್ಪನ ಹುಬ್ಬು. ಗೂಳಪ್ಪ ಫಕೀರವ್ವನ ಬಾಗಿಲಿಗೆ ಬಂದ. "ಯವ್ವಾ, ನಿನ್ನ ಮಗ ನನ್ನ ಅಂಗಡಿಗೆ ಆರತಿ ಮಾಡಿದ್ನಲ್ಲ, ಇನ್ನ ಮ್ಯಾಲ ನನ್ನ ಕಡೆ ನೋಡದಂಗ ಅವಂಗ ಹೇಳು."

"ಲೇ ದನಾ!" ಫಕೀರವ್ವನಿಗೆ ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. "ಒಲಿ ಬೆಂಕಿ ಬ್ಯಾರೆ, ಹೊರಗಿನ ಬೆಂಕಿ ಬ್ಯಾರೆ! ಒಲಿ ಬಿಟ್ಟು ಬ್ಯಾರೆ ಎಲ್ಲೇ ಹೊಗಿ ಕಾಣಲಿ, ಕೇಳಬ್ಯಾಡ, ಹೇಳಬ್ಯಾಡ, ಕೊಡ ಎತ್ತು, ನೀರು ಸುರುವು!"

"ಹೂಂ ಯವ್ವಾ. ಕೇಳೂದಿಲ್ಲ, ಹೇಳೂದಿಲ್ಲ."

ಸೋಮವಾರ ಬಂತು. ಬೆಳಿಗ್ಗೆಯೇ ಅಡಿವೆಪ್ಪನೂ ಬಂದ. ಇಸ್ತ್ರಿ ಮುರಿಯದ ಬಿಳಿ ಧೋತರ, ಗರಿಗರಿ ಅಂಗಿ, ಹಿಂದೆ ಮಗಳು ಕಸ್ತೂರೆವ್ವ. ಕಸ್ತೂರೆವ್ವ ಕಡಿಮೆ ಮಾತಿನವಳು. ಅವಳು ಆಡುವ ಮಾತಿಗೆ ಹೆದರಿ ಮನೆಯವರೇ ಅವಳನ್ನು ಹೆಚ್ಚು ಮಾತಾಡಿಸುತ್ತಿರಲಿಲ್ಲ.

ಫಕೀರವ್ವ ಒಳಗೆ ಓಡಾಡುತ್ತಿದ್ದಳು. ಅಡಿವೆಪ್ಪ ಹೊರಗಿನ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ಬೀಡಿ ಹಚ್ಚಿದ. ಒಂದು ಜುರುಕಿ ಎಳೆದು ಮೂಗಿನಿಂದ ಹೊಗೆ ಬಿಟ್ಟ.

ಮುದಕಪ್ಪ ನೋಡಿದ. ಒಲೆಯಲ್ಲ. ಹೊಗೆ ಹೌದು. ಅದೂ ಮಾವನ ಮೂಗಿನಿಂದ! ಅವನು ಕೇಳಲಿಲ್ಲ, ಹೇಳಲಿಲ್ಲ. ಕೊಡ ಎತ್ತಿದ. ಸುರಿದ.

"ಹಾಯ್!" ಅಂದ ಅಡಿವೆಪ್ಪ.

"ಹೆದರಬ್ಯಾಡ್ರಿ ಮಾವಾ," ಅಂದ ಮುದಕಪ್ಪ. "ಆರೇತಿ."

ಕಸ್ತೂರೆವ್ವ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ ನಿಂತಳು. ಬೆನ್ನು ಅಲುಗಾಡುತ್ತಿತ್ತು.

"ಯಕ್ಕಾ!" ಅಡಿವೆಪ್ಪ ಗುಡುಗಿದ. "ಇದೇನ ನಿಮ್ಮ ಮನಿ ಮರ್ಯಾದಿ?"

ಫಕೀರವ್ವ ಹೊರಗೆ ಬಂದು ನೋಡಿದಳು. ಮಗನ ಕಿವಿ ಹಿಂಡಿದಳು. "ಮನಿಗೆ ಬಂದವರಿಗೆ ಮೈಮ್ಯಾಲ ನೀರು ಹಾಕ್ತಾರೇನೋ? ಕಾಲಿಗೆ ಕೊಡ್ತಾರಲೇ, ಕಾಲಿಗೆ! ಬಂದ್ರು ಅಂದ ಕೂಡ್ಲೇ ತಂಬಿಗಿ ತುಂಬ ಕಾಲಿಗೆ ನೀರು!"

"ಯಾರ ಬಂದ್ರೂ?"

"ಯಾರ ಬಂದ್ರೂ!"

"ಹೂಂ ಯವ್ವಾ. ಕಾಲಿಗೆ."

ಬೇರೆ ಧೋತರ ಆ ಮನೆಯಲ್ಲಿರಲಿಲ್ಲ. ಫಕೀರವ್ವ ತನ್ನ ಹಳೆಯ ಇಳಕಲ್ ಸೀರೆ ತಂದುಕೊಟ್ಟಳು. ಅಡಿವೆಪ್ಪ ಅದನ್ನು ಸುತ್ತಿಕೊಂಡು, ಯಾರೂ ನೋಡದಿರಲೆಂದು ನಡುಮನೆಯ ಕತ್ತಲ ಮೂಲೆಗೆ ಸೇರಿದ. ಇನ್ನು ಧೋತರ ಒಣಗುವ ತನಕ ಅವನು ಅಲ್ಲಿಂದ ಏಳುವಂತಿರಲಿಲ್ಲ. ಸಿಟ್ಟು ಬಂದರೂ ಎದ್ದು ಹೋಗುವಂತಿರಲಿಲ್ಲ. ಫಕೀರವ್ವನ ಮಟ್ಟಿಗೆ ಆ ದಿನ ನಡೆದ ಒಳ್ಳೆಯ ಸಂಗತಿ ಅದೊಂದೇ.

ಅಂಗಡಿಯ ಒಲೆಯನ್ನು ಹಿಂದಿನ ಪಡಸಾಲೆಗೆ ತಂದು ಹೊತ್ತಿಸಿ, ಸಜ್ಜಕದ ಪಾತ್ರೆ ಏರಿಸಿದಳು. ಗೋದಿ ರವೆ ಬೇಯಬೇಕು, ಬೆಲ್ಲ ಕರಗಬೇಕು, ಹಿರಿಯರು ಬಂದು ಸಿಹಿ ತಿಂದು ಹೂಂ ಅನ್ನಬೇಕು. ಹಿರಿಯರನ್ನು ಕರೆಯಲು ಹೊರಟವಳು ಬಾಗಿಲಲ್ಲಿ ನಿಂತು ಮಗನಿಗೆ ಒಂದೇ ಉಸಿರಿನಲ್ಲಿ ಹೇಳಿದಳು:

"ನೋಡು, ಮಾವನ ಧೋತರ ಹಿತ್ತಲದಾಗ ಒಣಗಹಾಕು. ಹಗ್ಗ ಹರದೈತಿ, ಏನರ ಸಿಕ್ಕಿದ್ದು ಕಟ್ಟು. ಹಿರೇರು ಬರ್ತಾರ, ಬಾಗಲಾ ಎಲ್ಲಾ ತೆರದಿಡು. ಒಂದೂ ಮುಚ್ಚಿರಬಾರ್ದು! ಒಲಿ ಮುಂದಿಂದ ಏಳಬ್ಯಾಡ. ಒಲಿ ಆರಿದ್ರ ನಿನ್ನ ಮದಿವೀನೂ ಆರ್ತು ಅಂತ ತಿಳ್ಕೋ!"

"ಹೂಂ ಯವ್ವಾ."

ಮೊದಲು ಧೋತರ. ಸಿಕ್ಕಿದ್ದನ್ನು ಕಟ್ಟಿದ, ಹಾಕಿದ. ಧೋತರ ಗಾಳಿಗೆ ಪಟಪಟ ಬಡಿದುಕೊಂಡಿತು.

ಆಮೇಲೆ ಬಾಗಿಲು. ಮುಂಬಾಗಿಲು ತೆರೆದ. ನಡುಬಾಗಿಲು ತೆರೆದ. ಹಿಂಬಾಗಿಲು ತೆರೆದ. ಕಪಾಟಿನ ಬಾಗಿಲು ತೆರೆದ. ಆಡಿನ ದೊಡ್ಡಿಯ ಬಾಗಿಲು ತೆರೆದ. ಆಡು ಒಳಗೆ ಬಂದು ಅಡಿವೆಪ್ಪನ ಪಕ್ಕ ಕುಳಿತು ಸೀರೆಯ ಸೆರಗು ಮೆಲ್ಲತೊಡಗಿತು. ಇಲಿಬೋನಿನ ಬಾಗಿಲು ತೆರೆದ. ಇಲಿ ಒಂದು ಕ್ಷಣ ನಂಬದೆ ನಿಂತು, ಹೋಯಿತು. ಕೊನೆಗೆ ಒಲೆಯ ಬುಡದ ಗಿಡ್ಡ ಬಾಗಿಲಿಗೆ ಕೈ ಹಾಕಿದ.

ಕಸ್ತೂರೆವ್ವ ಕಂಬಕ್ಕೆ ಒರಗಿ ಎಲ್ಲ ನೋಡುತ್ತಿದ್ದಳು. "ಅದನ್ನೂ ತೆರಿತೀಯೇನು?"

"ಯವ್ವ ಎಲ್ಲಾ ಅಂದಾಳ."

"ಹಂಗಾರ ತೆರಿ."

ತೆರೆದ. ಮುಂಬಾಗಿಲಿಂದ ನುಗ್ಗಿದ ಗುಡ್ಡದ ಗಾಳಿ ಗೋಡೆಯ ಕ್ಯಾಲೆಂಡರನ್ನು ಹಾರಿಸಿ, ಅಡಿವೆಪ್ಪನ ಸೀರೆ ಎತ್ತಿ, ಪಡಸಾಲೆ ಹಾಯ್ದು ಹಿತ್ತಲಿಗೆ ಹೋಯಿತು. ಅಡಿವೆಪ್ಪ ಒಂದು ಕೈಯಿಂದ ಸೀರೆ, ಇನ್ನೊಂದು ಕೈಯಿಂದ ಆಡು ಹಿಡಿದುಕೊಂಡ.

ಆಗ ಕರೆಂಟು ಹೋಯಿತು.

ಗಿರಣಿ ಗಪ್ಪಾಯಿತು. ಗೂಳಪ್ಪನ ರೇಡಿಯೊ ಅರ್ಧ ಹಾಡಿನಲ್ಲಿ ನಿಂತಿತು. ಚಹದಂಗಡಿಯವರೂ ಖಾನಾವಳಿಯವರೂ ಹೊರಗೆ ಬಂದು ಎಂದಿನಂತೆ ಗುಡ್ಡದ ಕಡೆ ನೋಡಿ ಬೈದರು. ನಡುಮನೆಯಿಂದ ಅಡಿವೆಪ್ಪನ ದನಿ ಬಂತು: "ಆತು! ಮುಗೀತು! ಧೋತರ ಒಣಗಿದ ಕೂಡ್ಲೇ ಲಕ್ಷ್ಮೇಶ್ವರಕ್ಕ ಹೇಳಿ ಕಳಸ್ತೀನಿ!"

ಹಿರಿಯರ ಮನೆಯ ಅಂಗಳದಲ್ಲಿದ್ದ ಫಕೀರವ್ವನಿಗೆ ಗಿರಣಿ ನಿಂತದ್ದು ಗೊತ್ತಾಯಿತು. "ಅಯ್ಯೋ ನನ್ನ ಒಲಿ!" ಎಂದು ಓಡಿದಳು. ಏನಾಯಿತೋ ಎಂದು ಹಿರಿಯರೂ ಹಿಂದೆ ಓಡಿದರು. ಹಿರಿಯರು ಓಡುವುದನ್ನು ಕಂಡು ಗೂಳಪ್ಪ ಓಡಿದ. ಬಾಬುಸಾಬನೂ ಪಂಪು ಹಿಡಿದುಕೊಂಡೇ ಓಡಿದ.

ಪಡಸಾಲೆಗೆ ಬಂದು ಎಲ್ಲರೂ ನಿಂತರು. ಒಲೆ ಧಗಧಗ ಉರಿಯುತ್ತಿತ್ತು. ಸಜ್ಜಕ ತಕತಕ ಕುದಿಯುತ್ತಿತ್ತು. ಯಾಲಕ್ಕಿಯ ವಾಸನೆ. ಮುಂದೆ ಮುದಕಪ್ಪ ಕುಳಿತು ಸೌಟು ತಿರುವುತ್ತಿದ್ದ.

"ಊರಾಗ ಕರೆಂಟಿಲ್ಲ," ಅಂದ ಗೂಳಪ್ಪ ಮೆಲ್ಲಗೆ.

"ಇಲ್ಲ," ಅಂದ ಬಾಬುಸಾಬ.

"ಇದಕ್ಕೈತಿ."

"ಐತಿ."

ಫಕೀರವ್ವ ಮಗನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. "ಮುದುಕ್ಯಾ, ಯಪ್ಪಾ, ಖರೇ ಹೇಳು. ಏನ್ ಮಾಡಿದಿ?"

"ನೀ ಬಾಗಲಾ ತೆರಿ ಅಂದಿ. ತೆರದೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲು ತೆರೆದನಂತೆ! ಬಾಗಿಲು ತೆರೆದರೆ ಕರೆಂಟು ಬರುತ್ತದಂತೆ! ನಕ್ಕು ಮುಗಿದ ಮೇಲೆ ಬುದ್ಧಿವಂತರು ಕಾರಣ ಹುಡುಕಿದರು.

"ಇವಂದೂ ಲೈನ್‌ಮನ್ನಂದೂ ಒಳಗಿಂದೊಳಗ ಐತಿ," ಅಂದ ಗೂಳಪ್ಪ. "ನಮಗ ತೆಗೀತಾನ, ಇವಗ ಬಿಡ್ತಾನ."

"ಹಂಗಲ್ಲ," ಅಂದರು ಹಿರಿಯರಲ್ಲೊಬ್ಬರು. ಅವರು ನಿವೃತ್ತ ಹೆಡ್‌ಮಾಸ್ತರು. ಆದ್ದರಿಂದ ಎಲ್ಲರೂ ಸುಮ್ಮನಾದರು. "ಕೆಲವರ ಮೈಯಾಗ ಕರೆಂಟ್ ಇರ್ತೈತಿ. ಇದು ವಿಜ್ಞಾನ. ನಮ್ಮ ಅಜ್ಜಗೂ ಇತ್ತು." ಹೇಳಿ, ಮುದಕಪ್ಪನಿಂದ ಒಂದು ಮೊಳ ದೂರ ಸರಿದು ಕುಳಿತರು. ಮಿಕ್ಕವರೂ ಸರಿದರು.

ಸಜ್ಜಕ ಬಡಿಸಿದರು. ಅಡಿವೆಪ್ಪನಿಗೆ ಮೂಲೆಗೇ ಒಯ್ದು ಕೊಟ್ಟರು. ಅವನು ತಿಂದ. ಇನ್ನೊಂದಿಷ್ಟು ಹಾಕಿಸಿಕೊಂಡ.

"ಒಲಿ ಕಾದಾನ, ಖರೆ," ಅಂದ. "ಆದ್ರ ಯಕ್ಕಾ, ಇವ ಪೆದ್ದ ಅದಾನ."

ಫಕೀರವ್ವ ತಮ್ಮನ ತಾಟಿಗೆ ಇನ್ನೊಂದು ಸೌಟು ಸಜ್ಜಕ ಹಾಕಿದಳು.

"ಕಸ್ತೂರಿ, ನೀನರ ಹೇಳವ್ವಾ," ಅಂದ ಅಡಿವೆಪ್ಪ. "ಲಕ್ಷ್ಮೇಶ್ವರದ ಹುಡುಗ ಶ್ಯಾಣ್ಯಾ ಅದಾನ."

"ಶ್ಯಾಣ್ಯಾ ಇದ್ದವರು ನಮ್ಮ ಮನ್ಯಾಗ ನೀವಿದ್ದೀರಲ್ಲಪ್ಪಾ," ಅಂದಳು ಕಸ್ತೂರೆವ್ವ. "ನಮ್ಮವ್ವ ನಿಮಗ ಹತ್ತು ಸಲ ಹೇಳಿದ್ರೂ ಒಂದು ಕೆಲಸ ಆಗೂದಿಲ್ಲ. ಇವ ನೋಡ್ರಿ. ಹೇಳಿದ್ದನ್ನ ಹೇಳಿದಂಗ ಮಾಡ್ತಾನ. ಅದೂ ಒಂದ ಸಲಕ್ಕ. ಇಂಥಾ ಗಂಡ ನಾನು ಎಲ್ಲೂ ನೋಡಿಲ್ಲ, ಯಾರ ಮನ್ಯಾಗೂ ಕೇಳಿಲ್ಲ. ಸರಿಯಾಗಿ ಹೇಳೂದು ನನಗ ಬಿಡ್ರಿ."

ಹಿರಿಯರ ಹಿಂದೆ ಬಂದಿದ್ದ ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ನೋಡಿದರು. ಗಂಡಂದಿರು ಸಜ್ಜಕದ ಕಡೆ ನೋಡಿದರು.

"ಹಂಗಾರ ಆಗ್ಲಿ," ಅಂದ ಅಡಿವೆಪ್ಪ.

ಫಕೀರವ್ವನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ತಮ್ಮನ ಬಾಯಿಗೆ ಸಕ್ಕರೆ ಹಾಕಿದಳು, ಕಸ್ತೂರೆವ್ವನ ಗಲ್ಲಕ್ಕೆ ಕೈ ಮುಟ್ಟಿಸಿ ನೆಟಿಗೆ ಮುರಿದಳು, ಮರೆತು ಆಡಿಗೂ ಒಂದು ಹಿಡಿ ಸಕ್ಕರೆ ಕೊಟ್ಟಳು. "ಇನ್ನೇನು, ಮಿರ್ಚಿ ಕರೀತೀನಿ, ಯಾರೂ ಹೋಗಬ್ಯಾಡ್ರಿ!"

ಅಷ್ಟರಲ್ಲಿ ಗಿರಣಿ ಗುರ್ ಅಂದಿತು. ರೇಡಿಯೊ ಉಳಿದರ್ಧ ಹಾಡು ಬಿಟ್ಟು ಬೇರೆ ಹಾಡು ಶುರು ಮಾಡಿತು. ಓಣಿಯ ಹುಡುಗರೆಲ್ಲ ಕೂಗಿದರು: "ಬಂತು! ಬಂತು! ಕರೆಂಟ್ ಬಂತು!"

ಮುದಕಪ್ಪ ದಡಬಡಿಸಿ ಎದ್ದ. "ಬಂತಾ?"

"ಬಂತಪ್ಪಾ, ಬಂತು," ಅಂದರು ಹೆಡ್‌ಮಾಸ್ತರು.

ಮುದಕಪ್ಪ ಹಂಡೆಗೆ ತಂಬಿಗೆ ಅದ್ದಿ ತುಂಬಿಕೊಂಡ. ಮುಂಬಾಗಿಲಿಗೆ ಓಡಿದ.

"ಎಲ್ಲಿಗ್ಯೋ?" ಫಕೀರವ್ವ ಕೂಗಿದಳು.

"ಬಂದಾರಂತಲ್ಲ ಯವ್ವಾ! ಕಾಲಿಗೆ ನೀರು!"

ಬಾಗಿಲ ಪಕ್ಕದ ಗೋಡೆಯಲ್ಲಿ, ಕಂಬದ ತಂತಿ ಮನೆಯೊಳಗೆ ಬರುವಲ್ಲಿ, ಮೀಟರಿನ ಬೋರ್ಡಿತ್ತು. ಮುದಕಪ್ಪ ಎದುರು ನಿಂತು ಕೈ ಮುಗಿದ. ಯಾವುದು ಮುಖ, ಯಾವುದು ಕಾಲು ತಿಳಿಯಲಿಲ್ಲ. ದೂರದಿಂದಲೇ ತಂಬಿಗೆ ಬೀಸಿ ಎಲ್ಲಕ್ಕೂ ಹಾಕಿದ.

ಢಬ್!

ಮೀಟರಿನಿಂದ ನೀಲಿ ಕಿಡಿ ಹಾರಿತು. ಕಂಬದ ಮೇಲೆ ಇನ್ನೊಂದು ಢಬ್ ಆಯಿತು. ಗಿರಣಿ ನಿಂತಿತು, ರೇಡಿಯೊ ನಿಂತಿತು, ಓ ಎಂದು ಓಣಿಯೆಲ್ಲ ಬಾಯಿ ಬಿಟ್ಟಿತು. ಮುದಕಪ್ಪ ಅಂಡೂರಿ ಕುಳಿತಿದ್ದ. ಏನೂ ಆಗಿರಲಿಲ್ಲ.

"ಬಂದಷ್ಟೇ ಬೇಗ ಹೋದ್ರು ಯವ್ವಾ," ಅಂದ. "ನೀರು ತಣ್ಣಗಿತ್ತೇನೋ."

"ಅಯ್ಯಯ್ಯೋ, ಇನ್ನ ಮಿರ್ಚಿ ಕರಿಯೂದೈತಲ್ಲೋ! ಈಗ ಆರ್ತು ನೋಡು ಒಲಿ!" ಫಕೀರವ್ವ ಹಿಂದಕ್ಕೆ ಓಡಿದಳು. ಎಲ್ಲರೂ ಓಡಿದರು.

ಒಲೆ ಆರಿರಲಿಲ್ಲ. ಮೊದಲಿಗಿಂತ ಜೋರಾಗಿ ಉರಿಯುತ್ತಿತ್ತು.

ಹೆಡ್‌ಮಾಸ್ತರು ಏನೋ ಹೇಳಲು ಬಾಯಿ ತೆರೆದರು. ಅಡಿವೆಪ್ಪ ಬಿಡಲಿಲ್ಲ. "ಒಲಿ ಏನರ ಮಾಡ್ಕೊಳ್ಳಿ," ಎಂದು ಮೂಲೆಯಿಂದಲೇ ಚೀರಿದ, "ಮೊದ್ಲ ನನ್ನ ಧೋತರ ತಂದುಕೊಡ್ರಿ! ಈ ಆಡು ಅರ್ಧ ಸೀರಿ ತಿಂದೈತಿ!"

ಕಸ್ತೂರೆವ್ವ ಧೋತರ ತರಲು ಹಿತ್ತಲಿಗೆ ಹೋದಳು. ಹೋದವಳು ಬರಲಿಲ್ಲ. ನಗು ಕೇಳಿಸಿತು. ನಿಲ್ಲುವ ನಗುವಾಗಿರಲಿಲ್ಲ. ಉಳಿದವರೂ ಹಿಂಬಾಗಿಲಿಗೆ ಬಂದು ಇಣುಕಿದರು.

ಧೋತರ ಚೆನ್ನಾಗಿ ಒಣಗಿತ್ತು. ಬೆಳಗಿನಿಂದ ಅದು ನೇತಾಡುತ್ತಿದ್ದದ್ದು ಒಲೆಯಿಂದ ಕಿತ್ತ ವಾಯರಿನ ಮೇಲೆ.